ಟಿಮ್ಮಿನ್ಸ್: ಆಫರ್ ಲೆಟರ್ ಒಂದೇ ಸಾಲದು

ಹುಬ್ಬಳ್ಳಿಯ ಡೀಸೆಲ್ ಮೆಕ್ಯಾನಿಕ್ ನಾನು, ಕೆನಡಾದ ಟಿಮ್ಮಿನ್ಸ್‌ನಲ್ಲಿ ಕೆಲಸ ಕೊಡಿಸಲು ಏಜೆಂಟ್ ಎಂಟು ಲಕ್ಷ ಕೇಳ್ತಿದಾನೆ, ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ ಸರ್. ಕೆಲಸದ ಆಫರ್ ಮಾರುವುದು ಅಲ್ಲಿ ಕಾನೂನುಬಾಹಿರ.

ಸಣ್ಣ ಊರುಗಳಿಗೆ ಹೊರದೇಶದ ಕೆಲಸಗಾರರನ್ನು ಕರೆಸಿಕೊಳ್ಳುವ ಕೆನಡಾದ ಹಳೆಯ ಆರ್‌ಎನ್‌ಐಪಿ ಯೋಜನೆ 2024ರಲ್ಲೇ ಮುಗಿಯಿತು. 2025ರ ಜನವರಿಯಿಂದ ಅದರ ಜಾಗಕ್ಕೆ ಆರ್‌ಸಿಐಪಿ ಅನ್ನೋ ಯೋಜನೆ ಬಂದಿದೆ, ಟಿಮ್ಮಿನ್ಸ್ ಸೇರಿ 14 ಊರುಗಳಿಗೆ. ಆಫರ್ ಕೊಡುವ ಕಂಪನಿ ಆ ಊರಿನ 'ಡೆಸಿಗ್ನೇಟೆಡ್' (ಮಾನ್ಯತೆ ಪಡೆದ ಕಂಪನಿಗಳ) ಪಟ್ಟಿಯಲ್ಲಿ ಇರಲೇಬೇಕು. ಊರಿನ ವೆಬ್‌ಸೈಟಿನಲ್ಲಿ ಮೊದಲು ಅದನ್ನೇ ನೋಡಿ. ಆಮೇಲೆ ಊರಿನ ಶಿಫಾರಸು, ಅದು ಸಿಕ್ಕ ಮೇಲೆ ಪಿಆರ್ (ಕಾಯಂ ವಾಸ) ಅರ್ಜಿ.

ಹೆಚ್ಚು ಜನ ಎಡವುವುದು ಅನುಭವ ಪತ್ರದಲ್ಲಿ. ಕಳೆದ 3 ವರ್ಷಗಳಲ್ಲಿ 1,560 ಗಂಟೆ ಬೇಕು, ಅಂದರೆ ವಾರಕ್ಕೆ 30ರಂತೆ ಒಂದು ವರ್ಷ. ಓವರ್‌ಟೈಮ್ ಮಾಡಿ ಆರು ತಿಂಗಳಲ್ಲಿ ಮುಗಿಸಿದರೆ ನಡೆಯಲ್ಲ. ಸ್ವಂತ ಗ್ಯಾರೇಜಿನ ದುಡಿಮೆಯೂ ಲೆಕ್ಕಕ್ಕಿಲ್ಲ. 'ಇವರು ನಮ್ಮಲ್ಲಿ ಮೆಕ್ಯಾನಿಕ್ ಆಗಿದ್ದರು' ಅನ್ನೋ ಒಂದು ಸಾಲಿನ ಪತ್ರ ದಂಡ. ಲೆಟರ್‌ಹೆಡ್ ಮೇಲೆ ಸೇರಿದ ದಿನ, ವಾರದ ಗಂಟೆ, ಸಂಬಳ, ಎಂಜಿನ್ ಓವರ್‌ಹಾಲ್, ಹೈಡ್ರಾಲಿಕ್ ರಿಪೇರಿಯಂಥ ಕೆಲಸದ ವಿವರ, ಸಹಿ ಎಲ್ಲ ಇರಲಿ.

ಇಂಗ್ಲಿಷ್ ಪರೀಕ್ಷೆಗೆ ಐಇಎಲ್‌ಟಿಎಸ್ ಜನರಲ್ ಬರೆಯಿರಿ, ಅಕಾಡೆಮಿಕ್ ಅಲ್ಲ. ನಿಮ್ಮ ಹುದ್ದೆಗೆ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟ) 5 ಸಾಕು. ಅಂದರೆ ಐಇಎಲ್‌ಟಿಎಸ್ ಅಂಕದಲ್ಲಿ ಓದಲು 4, ಬರೆಯಲು, ಕೇಳಲು, ಮಾತಾಡಲು ತಲಾ 5. ಒಂದರಲ್ಲಿ ಕಡಿಮೆಯಾದರೂ ಅರ್ಜಿ ಬಿತ್ತು.

ಚಳಿ −30ಕ್ಕೆ ಇಳಿಯುತ್ತೆ. ಕಾರು ಕೊಳ್ಳುವಾಗ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ವೈರು ಬಾನೆಟ್ ಮುಂದೆ ನೇತಾಡ್ತಿದೆಯಾ ನೋಡಿಕೊಳ್ಳಿ. ಮೆಕ್ಯಾನಿಕ್‌ಗೆ ಇಷ್ಟು ಹೇಳಿದರೆ ಸಾಕಲ್ಲ!