ಡಾರ್ವಿನ್ ಕಥೆ ಸುಳ್ಳಾದರೆ ಮಿಕ್ಕಿದ್ದೂ ಸುಳ್ಳೇ?

ಪ್ರಶ್ನೆ: ನಾನು ಮಂಡ್ಯದವಳು, ಮೈಸೂರಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಕಳೆದ ತಿಂಗಳು ನಮ್ಮ ಚರ್ಚಿಗೆ ಬಂದಿದ್ದ ಅತಿಥಿ ಪ್ರಸಂಗಿಯೊಬ್ಬರು ಕ್ರೈಸ್ತ ನಂಬಿಕೆಗೆ ಆಧಾರಗಳೇನು ಅಂತ ಒಂದು ಗಂಟೆ ಮಾತಾಡಿದರು. ಆರು ಪುಟ ಬರೆದುಕೊಂಡೆ. ಮೂರು ವರ್ಷದಿಂದ ಚರ್ಚಿಗೆ ಬರದ ಅಣ್ಣನಿಗೆ ಊಟದ ಹೊತ್ತಲ್ಲಿ ಹೇಳಿದೆ. ಡಾರ್ವಿನ್ ಸಾಯುವಾಗ ಯೇಸುವನ್ನು ನಂಬಿದನಂತೆ ಅಂದದ್ದೇ ತಡ, ಮುದ್ದೆ ಮುರಿಯುತ್ತಲೇ ಎಡಗೈಲಿ ಮೊಬೈಲ್ ನೋಡಿ, ‘ಸುಳ್ಳು ಕಣೇ ಇದು. ಮಿಕ್ಕಿದ್ದೂ ಇಷ್ಟೇ’ ಅಂದ. ಈಗ ಪ್ರಾರ್ಥನೆಗೆ ಕೂತರೂ ಅದೇ ಮಾತು ಕೇಳಿಸುತ್ತದೆ. ಸಭಾಪಾಲಕರಿಗೆ ಹೇಳಲೇ, ಸುಮ್ಮನಿರಲೇ?

ಉತ್ತರ: ಅಣ್ಣನ ಮೊದಲ ಮಾತು ಸರಿ, ಎರಡನೆಯದು ದುಡುಕು.

ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ. ಲೇಡಿ ಹೋಪ್ ಎಂಬಾಕೆ ಹೇಳಿದ ಈ ಕಥೆ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1915ರಲ್ಲಿ. ತಂದೆಯ ಕೊನೆಗಳಿಗೆಯಲ್ಲಿ ಪಕ್ಕದಲ್ಲೇ ಇದ್ದ ಮಗಳು ಹೆನ್ರಿಯೆಟ್ಟಾ 1922ರಲ್ಲಿ ಅದನ್ನು ಪೂರ್ತಿ ಅಲ್ಲಗಳೆದಳು. ಕೇಳಲು ಹಿತವಾಗಿದೆ ಅನ್ನೋ ಕಾರಣಕ್ಕೆ ಇನ್ನೂ ಬಾಯಿಂದ ಬಾಯಿಗೆ ಹೋಗುತ್ತಿದೆ. ನಿಮ್ಮ ಪ್ರಸಂಗಿ ಬೇಕೆಂದೇ ಸುಳ್ಳು ಹೇಳಿರಲಾರರು. ಆದರೂ ವಿಚಾರಿಸದೆ ಹೇಳಿದ್ದು ತಪ್ಪೇ.

ಇನ್ನು ನಿಮ್ಮ ನಂಬಿಕೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯ, 14ನೇ ವಚನ ತೆಗೆದು ನೋಡಿ. ಕ್ರಿಸ್ತನು ಎದ್ದು ಬರದಿದ್ದರೆ ನಮ್ಮ ಪ್ರಸಂಗವೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಎಂದು ಆ ಪತ್ರ ಬರೆದ ಪೌಲನೇ ಹೇಳುತ್ತಾನೆ. ಚಪ್ಪರದ ಕಂಬ ಅದು. ಡಾರ್ವಿನ್ ಕಥೆ ಯಾರೋ ಕಟ್ಟಿದ ತೋರಣ, ಬಿದ್ದರೆ ಬೀಳಲಿ.

ಆ ಆರು ಪುಟ ಮತ್ತೆ ತೆಗೆಯಿರಿ. ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಅಕ್ಷರ ಹಾಕಿ: ಸತ್ಯವೇದದ ಮಾತಿಗೆ ‘ವೇ’, ಹೊರಗಿನ ಇತಿಹಾಸಕ್ಕೆ ‘ಇ’, ಯಾರದೋ ಜೀವನದ ಘಟನೆಗೆ ‘ಕ’. ‘ಕ’ ಇರುವುದನ್ನು ಮೂಲ ಸಿಗುವ ತನಕ ಬಾಯಿಗೆ ತರಬೇಡಿ. ಸತ್ಯವೇದದಲ್ಲಿ ಬರುವ ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತು ಕಳೆದುಹೋದ ದಿನವನ್ನು ನಾಸಾ ಕಂಪ್ಯೂಟರ್ ಹಿಡಿಯಿತು ಅಂತ ಇದ್ದರೆ ಹೊಡೆದೇ ಹಾಕಿ, ಅದೂ ಕಟ್ಟುಕಥೆ.

‘ಇ’ ಇರುವ ಕಡೆ, ಬರೆದದ್ದು ಯಾರು, ಯಾವಾಗ, ಎಷ್ಟರ ಮಟ್ಟಿಗೆ ಅದು ಸಾಕ್ಷಿ ಅಂತ ಕೇಳಿಕೊಳ್ಳಿ. ಜನ ಎಡವುವುದು ಮೂರನೆಯದರಲ್ಲೇ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು ಕ್ರಿ.ಶ. 116ರಲ್ಲಿ, ಚಕ್ರವರ್ತಿ ತಿಬೇರಿಯನ ಆಳ್ವಿಕೆಯಲ್ಲಿ ರೋಮಿನ ಅಧಿಕಾರಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟನೆಂದು ಬರೆದ. ಅದು ಮರಣಕ್ಕೆ ಸಾಕ್ಷಿ, ಪುನರುತ್ಥಾನಕ್ಕಲ್ಲ. ಯೆಹೂದ್ಯ ಇತಿಹಾಸಕಾರ ಜೋಸಿಫಸ್ ಯೇಸುವಿನ ಬಗ್ಗೆ ಬರೆದ ಭಾಗಕ್ಕೆ ಕ್ರೈಸ್ತ ನಕಲುಗಾರರು ಆಮೇಲೆ ಮಾತು ಸೇರಿಸಿದ್ದಾರೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಅದರ ಬದಲು, ಯೇಸುವಿನ ತಮ್ಮ ಯಾಕೋಬನ ಬಗ್ಗೆ ಅವನು ಬರೆದ ಸಾಲು ಹೆಚ್ಚು ಗಟ್ಟಿ. ಎದ್ದು ಬಂದ ಯೇಸುವನ್ನು ಐನೂರು ಮಂದಿ ಕಂಡರು ಎಂಬುದು ಪೌಲನ ಅದೇ ಪತ್ರದಲ್ಲಿರುವ ಮಾತು. ಐನೂರು ಮಂದಿಯ ಬರಹ ನಮ್ಮ ಕೈಲಿಲ್ಲ. ಆದರೆ ಆ ಪತ್ರ ಬರೆದದ್ದು ಸುಮಾರು ಕ್ರಿ.ಶ. 55ರಲ್ಲಿ, ಶಿಲುಬೆಯ ಘಟನೆಯಾಗಿ ಇಪ್ಪತ್ತೈದು ವರ್ಷದೊಳಗೆ. ಕಂಡವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತಲೂ ಅವನು ಬರೆಯುತ್ತಾನೆ. ಅಣ್ಣನ ಮುಂದೆ ಇಡುವುದಾದರೆ ಇದನ್ನಿಡಿ, ಇದರ ಮಿತಿಯನ್ನೂ ನೀವೇ ಹೇಳಿ.

ಅದಕ್ಕೂ ಮೊದಲು, ‘ಅಣ್ಣ, ಆ ವಿಷಯದಲ್ಲಿ ನೀನು ಹೇಳಿದ್ದೇ ಸರಿ’ ಅನ್ನಿ. ಅದರ ಬೆನ್ನಿಗೇ ‘ಆದರೆ’ ಬೇಡ. ಅವತ್ತಿಗೆ ಅಷ್ಟೇ ಸಾಕು. ಇನ್ನೊಂದು ದಿನ, ಚರ್ಚು ಯಾಕೆ ಬಿಟ್ಟೆ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಅಲ್ಲಿ ಡಾರ್ವಿನ್‌ ಹೆಸರೇ ಬರದೆಯೂ ಇರಬಹುದು.

ಸಭಾಪಾಲಕರಿಗೆ ಖಂಡಿತ ಹೇಳಿ, ಆದರೆ ಆರಾಧನೆ ಮುಗಿದು ಬಾಗಿಲಲ್ಲಿ ಎಲ್ಲರ ಕೈಕುಲುಕುತ್ತಿರುವಾಗ ಅಲ್ಲ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಅರ್ಧ ಪುಟದ ಪತ್ರ ಸಾಕು: ಹೇಳಿದ್ದು ಇದು, ಸಿಕ್ಕ ಮಾಹಿತಿ ಇದು, ಪ್ರಸಂಗಿಗೂ ತಿಳಿಸಿ. ಜೊತೆಗೆ, ಮುಂದಿನ ಸಲ ಇಂಥ ಪ್ರಸಂಗವಿಟ್ಟರೆ ಕೊನೆಗೆ ಇಪ್ಪತ್ತು ನಿಮಿಷ ಪ್ರಶ್ನೆಗೆ ಬಿಡಿ, ಹೆಸರಿಲ್ಲದ ಚೀಟಿಯಲ್ಲಿ ಕೇಳಲು ಅವಕಾಶ ಕೊಡಿ ಎಂದು ವಿನಂತಿಸಿ. ಅಣ್ಣನನ್ನು ಕರೆಯುವುದಾದರೆ ಅಂಥ ದಿನ ಕರೆಯಿರಿ. ಮೊದಲ ಚೀಟಿ ಅವರೇ ಬರೆಯಲಿ.