ಪ್ರತಿಕ್ರಿಯೆ: ಸ್ಪೈಡರ್‌ಮ್ಯಾನ್ 3ರಲ್ಲಿ ವಿಲನ್‌ಗಳು ಜಾಸ್ತಿಯಾದರಾ?

ಸ್ಪೈಡರ್‌ಮ್ಯಾನ್ 3 (2007) ಕೆಟ್ಟಿದ್ದು ವೆನಮ್, ಸ್ಯಾಂಡ್‌ಮ್ಯಾನ್, ಹ್ಯಾರಿ ಎಂಬ ಮೂವರು ವಿಲನ್‌ಗಳಿಂದಲೇನಾ ಅಂತ ಕೇಳಿದ್ದೀರಿ. ನನಗೆ ಜಾಸ್ತಿ ಅನಿಸಿದ್ದು ವೆನಮ್ ಒಬ್ಬನೇ. ನಿರ್ದೇಶಕ ಸ್ಯಾಮ್ ರೈಮಿಗೆ ಆ ಪಾತ್ರದ ಮೇಲೆ ಒಲವೇ ಇರಲಿಲ್ಲ, ನಿರ್ಮಾಪಕ ಅವಿ ಅರಾಡ್ ಒತ್ತಾಯಕ್ಕೆ ಸೇರಿಸಿದರು. ತೆರೆ ಮೇಲೂ ಅದು ಗೊತ್ತಾಗುತ್ತದೆ. ಫೋಟೋಗ್ರಾಫರ್ ಎಡ್ಡಿ ವೆನಮ್ ಆಗುವಷ್ಟರಲ್ಲಿ ಸಿನಿಮಾ ಮುಗಿಯುತ್ತಾ ಬಂದಿರುತ್ತದೆ!

ಮೈಯೆಲ್ಲ ಮರಳಾಗುವ ಸ್ಯಾಂಡ್‌ಮ್ಯಾನ್ ಹಾಗಲ್ಲ. ಮರಳಿನ ಕಣಗಳಿಂದ ಎದ್ದು ನಿಲ್ಲಲು ಅವನು ಒದ್ದಾಡುವ ದೃಶ್ಯ ನೆನಪಿದೆ ಅಲ್ವಾ? ಒಂದು ಮಾತಿಲ್ಲ. ಮಗಳ ಫೋಟೋ ಇರುವ ಲಾಕೆಟ್ ಎತ್ತಿಕೊಳ್ಳಲು ಹೋದರೆ ಕೈಯೇ ಉದುರುತ್ತದೆ. ಇಡೀ ಸಿನಿಮಾ ಅವನ ಹಿಂದೆಯೇ ಹೋಗಬೇಕಿತ್ತು.

ಸ್ಪೈಡರ್‌ಮ್ಯಾನ್ ಗೆಳೆಯ ಹ್ಯಾರಿಯ ಕಥೆ ಮೊದಲ ಭಾಗದಿಂದಲೇ ಬಂದದ್ದು, ಮುಗಿಸಲೇಬೇಕಿತ್ತು. ಆದರೆ ಅವನ ನೆನಪು ಹೋಗುವ ತಿರುವು ಮಾತ್ರ ಸುಮ್ನೆ ಎಳೆದದ್ದು.