ಫೋಟೊ ಸರಿಸಿದರೆ ಪುಟವೆಲ್ಲ ಏರುಪೇರು: ಸ್ಕ್ರೈಬಸ್ ಬಳಸಬಹುದಾ?

ಪ್ರಶ್ನೆ: ನಮ್ಮ ಸಂಘದ 32 ಪುಟದ ಸಂಚಿಕೆಯನ್ನು ವರ್ಡ್‌ನಲ್ಲಿ ಮಾಡುತ್ತಿದ್ದೇನೆ. ಒಂದು ಫೋಟೊ ಸರಿಸಿದರೆ ಮುಂದಿನ ಪುಟಗಳೆಲ್ಲ ಏರುಪೇರಾಗುತ್ತವೆ. ಪ್ರೆಸ್‌ನವರು ‘ಸಿಎಂವೈಕೆ ಪಿಡಿಎಫ್ ಕೊಡಿ, ಬ್ಲೀಡ್ ಇರಲಿ’ ಅಂತಾರೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಹಾಗಿಲ್ಲ. ಉಚಿತವಾಗಿ ಏನಾದರೂ ಇದೆಯೇ? ಕನ್ನಡ ಸರಿಯಾಗಿ ಬರುತ್ತಾ?

ಉತ್ತರ: ಇದೆ, ಸ್ಕ್ರೈಬಸ್. ಪುಟವಿನ್ಯಾಸಕ್ಕೆಂದೇ ಇರುವ ಓಪನ್ ಸೋರ್ಸ್ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಪ್ರೆಸ್‌ನವರು ಹೇಳಿದ ಸಿಎಂವೈಕೆ ಅಂದರೆ ಅಚ್ಚಿನ ನಾಲ್ಕು ಶಾಯಿಗಳು (ಸಯಾನ್, ಮಜೆಂಟಾ, ಹಳದಿ, ಕಪ್ಪು); ಬ್ಲೀಡ್ ಅಂದರೆ ಪುಟದ ಅಂಚಿನಾಚೆ ಬಿಡುವ, ಆಮೇಲೆ ಕತ್ತರಿಸಿ ತೆಗೆಯುವ ಜಾಗ.

ಕನ್ನಡದ ವಿಷಯ ಮೊದಲು ಹೇಳಿಬಿಡುತ್ತೇನೆ. 2024ರಲ್ಲಿ ಬಂದ 1.6 ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನೇ ಹಾಕಿಕೊಳ್ಳಿ. ಹಳೆಯ 1.4ರಲ್ಲಿ ಒತ್ತಕ್ಷರ ಕೂಡುವುದಿಲ್ಲ, ಚೆಲ್ಲಾಪಿಲ್ಲಿಯಾಗುತ್ತದೆ. ‘ಸ್ಕ್ರೈಬಸ್‌ನಲ್ಲಿ ಕನ್ನಡ ಬರಲ್ಲ’ ಎಂಬ ಮಾತು ಆ ಕಾಲದ್ದು. ಫಾಂಟ್ ಮಾತ್ರ ಯೂನಿಕೋಡ್‌ದೇ ಇರಲಿ.

ವರ್ಡ್‌ನ ಅಭ್ಯಾಸವನ್ನು ಸ್ವಲ್ಪ ಬಿಡಬೇಕು. ಇಲ್ಲಿ ಖಾಲಿ ಪುಟದ ಮೇಲೆ ನೇರವಾಗಿ ಟೈಪ್ ಮಾಡಲು ಆಗುವುದಿಲ್ಲ. ಮೊದಲು ಫ್ರೇಮ್ ಎಳೆಯಬೇಕು. ಪಠ್ಯಕ್ಕೊಂದು, ಚಿತ್ರಕ್ಕೊಂದು. ಮೂರನೇ ಪುಟದ ಫ್ರೇಮನ್ನು ನಾಲ್ಕನೆಯದಕ್ಕೆ ಜೋಡಿಸಿದರೆ ಹೆಚ್ಚಾದ ಬರಹ ತಾನಾಗಿ ಅಲ್ಲಿಗೆ ಹರಿಯುತ್ತದೆ. ಚಿತ್ರದ ಫ್ರೇಮ್ ಮಾತ್ರ ಇಟ್ಟಲ್ಲೇ ಇರುತ್ತದೆ. ಮೊದಲ ದಿನ ಕಿರಿಕಿರಿ ಅನ್ನಿಸುತ್ತದೆ, ಆಮೇಲೆ ವರ್ಡ್ ಕಡೆ ತಿರುಗಿ ನೋಡಲ್ಲ. ಶೀರ್ಷಿಕೆ, ಉಪಶೀರ್ಷಿಕೆ, ಮೈಬರಹಕ್ಕೆ ಶುರುವಿನಲ್ಲೇ ಸ್ಟೈಲ್ ಮಾಡಿಕೊಳ್ಳಿ. ಪುಟಸಂಖ್ಯೆಯನ್ನು ಮಾಸ್ಟರ್ ಪೇಜ್‌ನಲ್ಲಿ (ಎಲ್ಲ ಪುಟಗಳಿಗೂ ಅನ್ವಯಿಸುವ ಮಾದರಿ ಪುಟ) ಒಂದೇ ಸಲ ಹಾಕಿದರೆ ಸಾಕು.

ಹೊಸ ಕಡತ ತೆರೆಯುವಾಗಲೇ ಬ್ಲೀಡ್ ಕೇಳುತ್ತದೆ. ಸಾಮಾನ್ಯವಾಗಿ 3 ಮಿ.ಮೀ. ಸಾಕು, ಆದರೂ ಪ್ರೆಸ್‌ನವರನ್ನು ಒಮ್ಮೆ ಕೇಳಿ. ಅಂಚಿಗೆ ತಾಗುವ ಚಿತ್ರ ಅಥವಾ ಬಣ್ಣವನ್ನು ಆ 3 ಮಿ.ಮೀ. ಹೊರಗಿನವರೆಗೂ ಎಳೆಯಿರಿ. ಇಲ್ಲದಿದ್ದರೆ ಕತ್ತರಿಸುವಾಗ ಕೂದಲೆಳೆ ಆಚೀಚೆಯಾದರೂ ಬಿಳಿ ಗೆರೆ ಕಾಣುತ್ತದೆ.

ಹೊಸಬರು ಎಡವುವ ಜಾಗ ಕಪ್ಪು ಬಣ್ಣ. ಸ್ಕ್ರೈಬಸ್‌ನ ಪಟ್ಟಿಯಲ್ಲಿ ‘ಬ್ಲ್ಯಾಕ್’ ಅಲ್ಲದೆ ‘ರಿಚ್ ಬ್ಲ್ಯಾಕ್’, ‘ವಾರ್ಮ್ ಬ್ಲ್ಯಾಕ್’, ‘ರಿಜಿಸ್ಟ್ರೇಶನ್’ ಎಲ್ಲ ಇವೆ. ತೆರೆಯ ಮೇಲೆ ಎಲ್ಲವೂ ಹೆಚ್ಚುಕಡಿಮೆ ಕಪ್ಪೇ. ಮೈಬರಹಕ್ಕೆ ಬರೀ ‘ಬ್ಲ್ಯಾಕ್’ ಕೊಡಿ. ಅದು ಒಂದೇ ಶಾಯಿಯಲ್ಲಿ ಅಚ್ಚಾಗುತ್ತದೆ. ‘ರಿಜಿಸ್ಟ್ರೇಶನ್’ ಕೊಟ್ಟರೆ ನಾಲ್ಕೂ ಶಾಯಿ ಒಂದರ ಮೇಲೊಂದು ಬೀಳುತ್ತವೆ. ಪ್ಲೇಟ್ ಚೂರು ಸರಿದರೂ ಸಣ್ಣ ಅಕ್ಷರಗಳ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಒತ್ತಕ್ಷರಗಳಂತೂ ಕಲಸಿಹೋಗುತ್ತವೆ.

ಪಿಡಿಎಫ್ ಮಾಡಲು ಹೋದಾಗ ಪ್ರಿಫ್ಲೈಟ್ ವೆರಿಫೈಯರ್ ಎಂಬ ಕಿಟಕಿ ತಪ್ಪುಗಳನ್ನು ತೋರಿಸುತ್ತದೆ: ಫ್ರೇಮ್ ಮೀರಿದ ಬರಹ, ಕಾಣೆಯಾದ ಚಿತ್ರ, ಕಡಿಮೆ ರೆಸಲ್ಯೂಶನ್. ಸುಮ್ನೆ ‘ಇಗ್ನೋರ್’ ಒತ್ತಬೇಡಿ. ಫೋಟೊಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಆಸುಪಾಸು ಇರಲಿ. ಬಣ್ಣದ ಟ್ಯಾಬ್‌ನಲ್ಲಿ ‘ಪ್ರಿಂಟರ್’ ಆರಿಸಿದರೆ ಸಿಎಂವೈಕೆ ಆಗುತ್ತದೆ. ಪುಟಗಳನ್ನು ಒಂದೊಂದಾಗಿ, ಓದುವ ಕ್ರಮದಲ್ಲೇ ಕೊಡಿ. ಹಾಳೆಯ ಮೇಲೆ ಜೋಡಿಸಿಕೊಳ್ಳುವುದು ಪ್ರೆಸ್‌ನವರ ಕೆಲಸ.

ಪ್ರಶ್ನೆ: ಹಿಂದಿನ ಸಂಚಿಕೆ ಇನ್‌ಡಿಸೈನ್ ಎಂಬ ಬೇರೆ ಪುಟವಿನ್ಯಾಸ ತಂತ್ರಾಂಶದಲ್ಲಿದೆ. ಸ್ಕ್ರೈಬಸ್‌ನಲ್ಲಿ ತೆರೆಯಬಹುದೇ?

ಉತ್ತರ: ಇನ್‌ಡಿಸೈನ್‌ನ ಸ್ವಂತ ಐಎನ್‌ಡಿಡಿ ಕಡತ ತೆರೆಯಲ್ಲ. ಮಾಡಿದವರಿಂದ ಇನ್‌ಡಿಸೈನ್‌ನಲ್ಲೇ ಇರುವ ಐಡಿಎಂಎಲ್ ಎಂಬ ಇನ್ನೊಂದು ರೂಪದಲ್ಲಿ ಉಳಿಸಿ ತರಿಸಿಕೊಳ್ಳಿ, ಅದು ತೆರೆಯುತ್ತದೆ. ಎಲ್ಲವೂ ಇದ್ದ ಹಾಗೇ ಬರುತ್ತದೆ ಅಂದುಕೊಳ್ಳಬೇಡಿ, ತಿದ್ದುವ ಕೆಲಸ ಇದ್ದೇ ಇರುತ್ತದೆ.

ಪ್ರಶ್ನೆ: ಚಿತ್ರ ಬಿಡಿಸುವ ಉಚಿತ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲೂ ಈಗ ಹಲವು ಪುಟ ಮಾಡಬಹುದಲ್ವಾ? ಅದೇ ಸಾಲದೇ?

ಉತ್ತರ: 2022ರ 1.2 ಆವೃತ್ತಿಯಿಂದ ಮಾಡಬಹುದು, ನಿಜ. ಪೋಸ್ಟರ್‌ಗೆ, ನಾಲ್ಕು ಪುಟದ ಕರಪತ್ರಕ್ಕೆ ಸಾಕು. ಉದ್ದ ಬರಹವನ್ನು ಪುಟದಿಂದ ಪುಟಕ್ಕೆ ಹರಿಸಬೇಕಿದ್ದರೆ ಸ್ಕ್ರೈಬಸ್ಸೇ ವಾಸಿ. ಲೋಗೊ, ಚಿತ್ರಗಳನ್ನು ಇಂಕ್‌ಸ್ಕೇಪ್‌ನಲ್ಲಿ ಬಿಡಿಸಿ ಎಸ್‌ವಿಜಿ ರೂಪದ ಚಿತ್ರಕಡತವಾಗಿ ತಂದುಕೊಳ್ಳಿ. ಕೋಷ್ಟಕ ಜಾಸ್ತಿ ಇದ್ದರೆ ಮಾತ್ರ ಎರಡರಲ್ಲೂ ಒದ್ದಾಟವೇ. ಅದಕ್ಕೆ ಲಿಬ್ರೆಆಫೀಸ್‌ನಲ್ಲಿ ಕೋಷ್ಟಕ ಮಾಡಿ, ಪಿಡಿಎಫ್ ಆಗಿಸಿ, ಚಿತ್ರದ ಫ್ರೇಮ್‌ನಲ್ಲಿ ಕೂರಿಸಿ.